ಅನ್ನಪೂರ್ಣವ್ವನ ಬಿಡಾರದ ಒಲೆ

ಶಿರಸಿ ಪೇಟೆಯಿಂದ ಬನವಾಸಿ ರಸ್ತೆಗೆ ಹೊರಳುವ ಮುನ್ನ ಎಡಕ್ಕೆ ನಮ್ಮ ಓಣಿ ಸಿಗುತ್ತದೆ. ಆ ಓಣಿಯ ಮನೆಗಳೆಲ್ಲ ಸೆಟೆದು ನಿಂತಿದ್ದ ಕಾಲದಲ್ಲಿ ಅಂದಾನಪ್ಪನ ಮನೆ ಮಾತ್ರ ಬಗಲಲ್ಲಿ ಕೂಸನ್ನೆತ್ತಿಕೊಂಡ ಹೆಂಗಸಿನ ಹಾಗೆ ಒಂದು ಮಗ್ಗುಲಿಗೆ ವಾಲಿದಂತೆ ಕಾಣುತ್ತಿತ್ತು. ಆ ಬಗಲ ಕೂಸೇ ಅನ್ನಪೂರ್ಣವ್ವನ ಬಿಡಾರ. ದೊಡ್ಡ ಮನೆಯ ಪಡುವಣ ಗೋಡೆಗೆ ಆನಿಸಿ, ಇಳಿಜಾರು ಮಾಡಿನ ಕೆಳಗೆ ಕಟ್ಟಿದ್ದ ಒಂದು ಕೋಣೆ, ಒಂದು ಅಡಿಗೆಮನೆ, ಮುಂದೆ ಇಬ್ಬರು ಕೂರಬಹುದಾದ ಜಗುಲಿ. ಅದರ ವೈಭವ ಇಷ್ಟೇ. ಆದರೆ ಅನ್ನಪೂರ್ಣವ್ವ ಅದರ ಮಾತೆತ್ತಿದಳೆಂದರೆ, ಕದಂಬರ ಅರಮನೆ ಇನ್ನೂ ಬಾಡಿಗೆಗೆ ಸಿಗುತ್ತದೆಯೇನೋ ಎಂಬ ಭ್ರಮೆ ಕೇಳುವವರಿಗೆ ಹುಟ್ಟುತ್ತಿತ್ತು.

ಅವಳು ಗುಡ್ನಾಪುರದ ಹೆಣ್ಣು. ಅಂದಾನಪ್ಪನ ಕೈಹಿಡಿದು ಬಂದಾಗ ಆ ಜಾಗದಲ್ಲಿ ಸೌದೆ ಒಟ್ಟುವ ಮುರುಕು ಕೊಟ್ಟಿಗೆಯೊಂದಿತ್ತು. ಮಣ್ಣು ಕಲಸಿದವಳು ಅವಳು, ನೀರು ಹೊತ್ತವಳು ಅವಳು, ಗೋಡೆ ಏರುವಾಗ ಗಾರೆಯವನ ಹಿಂದೆ ನಿಂತು ಅವನು ಒಂದು ಕಲ್ಲನ್ನೂ ಸೊಟ್ಟಗಿಡದಂತೆ ಬೈದವಳೂ ಅವಳೇ. ಒಡವೆಗಳು ಅತ್ತೆಯ ಪೆಟ್ಟಿಗೆಯಲ್ಲಿದ್ದವು, ಮನೆ ಗಂಡನ ಹೆಸರಿನಲ್ಲಿತ್ತು, ಅಂಗಡಿ ಮೈದುನನ ಕೈಯಲ್ಲಿತ್ತು. ತನ್ನದು ಎಂದು ಕೈಮಾಡಿ ತೋರಿಸಲು ಅವಳಿಗಿದ್ದದ್ದು ಆ ಬಿಡಾರವೊಂದೇ. ಆದ್ದರಿಂದ ಅವಳ ಕೈ ಸದಾ ಅತ್ತಲೇ ಇರುತ್ತಿತ್ತು.

ಒಂದು ಮನೆಯನ್ನು ನೋಡಿಕೊಳ್ಳುವುದು ಬೇರೆ, ಇನ್ನೊಂದು ಮನೆಗೆ ಆತುಕೊಂಡ ಮನೆಯನ್ನು ನೋಡಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ಶತ್ರುವಿನ ಹೆಸರು ‘ಸಂದು’. ದೊಡ್ಡ ಮನೆಯ ಗೋಡೆಗೂ ಬಿಡಾರದ ಹೆಂಚಿಗೂ ನಡುವೆ ಉಳಿಯುವ ಆ ಬೆರಳಗಲದ ಬಿರುಕಿನಿಂದ ಮಳೆ ಇಳಿಯುತ್ತದೆ, ಇರುವೆ ಇಳಿಯುತ್ತದೆ, ಒಮ್ಮೊಮ್ಮೆ ಹಾವೂ ಇಳಿಯುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಅನ್ನಪೂರ್ಣವ್ವ ಸುಣ್ಣಕ್ಕೆ ಬೆಲ್ಲ ಬೆರೆಸಿ ಅರೆದು, ಸೀರೆಯನ್ನು ಕಚ್ಚೆ ಬಿಗಿದು, ಏಣಿಯೇರಿ ಸಂದನ್ನು ಮೆತ್ತುತ್ತಿದ್ದಳು. ಲಿಂಗವಂತರ ಮನೆಯ ಗೌರವಸ್ಥ ಹೆಣ್ಣು ಮಾಡು ಹತ್ತುವುದೇ ಎಂದು ಓಣಿಯ ಗಂಡಸರು ಮೊದಮೊದಲು ಕತ್ತೆತ್ತಿ ನೋಡಿದರು. ಮೇಲಿನಿಂದ ಒಂದು ಮುದ್ದೆ ಗಾರೆ ಅವರ ನಡುವೆ ಬಿದ್ದ ಮೇಲೆ ಕತ್ತು ತಗ್ಗಿಸಿ ನಡೆಯುವುದನ್ನು ಕಲಿತರು. ಗಾರೆ ಕೈತಪ್ಪಿ ಬಿತ್ತೆಂದು ಅವಳು ಇಂದಿಗೂ ಹೇಳುತ್ತಾಳೆ.

ಸಂದಿನದಾದ ಮೇಲೆ ಪಡುವಣ ಗಾಳಿಗೆ ಸೋಗೆಯ ತಟ್ಟಿ, ನೆಲಕ್ಕೆ ಸಗಣಿ ಮತ್ತು ಇದ್ದಿಲಿನ ಸಾರಣೆ, ಬಾಗಿಲ ಬುಡದ ಗೆದ್ದಲಿಗೆ ಬೇವಿನೆಣ್ಣೆ. ಬಾಡಿಗೆಗೆ ಬಂದವರು ಗೋಡೆಗೆ ಮೊಳೆ ಹೊಡೆಯಕೂಡದು, ಕಿಟಕಿಯಿಂದ ಎಲೆಯಡಿಕೆ ಉಗುಳಕೂಡದು, ಹಿತ್ತಲ ಮೋರಿಗೆ ಅನ್ನದ ಗಂಜಿ ಬಿಡಕೂಡದು. ಮೊದಲು ಇದ್ದವನು ಒಬ್ಬ ಮರಾಠಿ ಮಾತಿನ ಗುಮಾಸ್ತ. ಭಾಷೆಗೊಂದರಂತೆ ರಾಜ್ಯಗಳು ಬೇರೆಯಾಗಿ ಸೇರಿದ ವರ್ಷ ಅವನು ತನ್ನ ಸೀಮೆಗೆ ವರ್ಗ ಮಾಡಿಸಿಕೊಂಡು ಹೋದ. ಹೋಗುವಾಗ, ಕಚೇರಿಯ ಸಾಹೇಬರಿಗಿಂತ ಈ ಮನೆಯೊಡತಿ ‘ಬಾಯಿ’ಯವರಿಗೇ ತಾನು ಹೆಚ್ಚು ಹೆದರಿದ್ದೆನೆಂದು ಅಂದಾನಪ್ಪನ ಕಿವಿಯಲ್ಲಿ ಹೇಳಿದ. ಅಂದಾನಪ್ಪ, “ನಿಮಗರ ವರ್ಗ ಆತು,” ಎಂದು ನಿಟ್ಟುಸಿರಿಟ್ಟನಂತೆ.

ಆದರೆ ಬಿಡಾರ ಅನ್ನಪೂರ್ಣವ್ವನದು ಎಂಬ ಮಾತಿಗೆ ಒಂದು ಷರತ್ತಿತ್ತು, ಮತ್ತು ಆ ಷರತ್ತಿನ ಕಾವಲಿಗೆ ಒಬ್ಬ ಮನುಷ್ಯನಿದ್ದ.

ಮನುಷ್ಯನ ಹೆಸರು ಮಡಿವಾಳಪ್ಪ, ಅಂದಾನಪ್ಪನ ತಮ್ಮ. ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿಯ ವ್ಯಾಪಾರ. ಶಿರಸಿಯ ಮಳೆಗಾಲದಲ್ಲಿ ಬೆಲ್ಲ ಇಟ್ಟುಕೊಳ್ಳುವುದೆಂದರೆ ಅಳುವ ಮಗುವನ್ನು ಇಟ್ಟುಕೊಂಡ ಹಾಗೆ. ಹಗಲೆಲ್ಲ ಬೆವರುತ್ತದೆ, ರಾತ್ರಿಯೆಲ್ಲ ಒಸರುತ್ತದೆ. ಬಿಡಾರದ ಹಿಂದಿನ ಗೋಡೆಯಾಚೆಗೆ ದೊಡ್ಡ ಮನೆಯ ಬಚ್ಚಲಿತ್ತು. ಹಂಡೆಯ ಕೆಳಗೆ ದಿನವಿಡೀ ಬೆಂಕಿ ಇರುತ್ತಿದ್ದುದರಿಂದ ಆ ಗೋಡೆ ಆಷಾಢದಲ್ಲಿಯೂ ಬೆಚ್ಚಗಿರುತ್ತಿತ್ತು. ಬಾಡಿಗೆದಾರರು ಅದಕ್ಕೆ ಬೆನ್ನು ಕೊಟ್ಟು ಕೂತು ಸುಖಪಡುತ್ತಿದ್ದರು. ಮಡಿವಾಳಪ್ಪನಿಗೆ ಮಾತ್ರ ಆ ಬೆನ್ನುಗಳ ಜಾಗದಲ್ಲಿ ಬೆಲ್ಲದ ಪೆಂಟೆಗಳು ಕಾಣುತ್ತಿದ್ದವು.

ಅಣ್ಣತಮ್ಮಂದಿರು ಹಿಸೆಯಾದ ದಿನ ಎಲ್ಲವೂ ಮರ್ಯಾದೆಯಿಂದ ಮುಗಿದು, ಕೊನೆಗೆ ಬಿಡಾರದ ಹತ್ತಿರ ಜಗಳ ನಿಂತಿತು. ಆಗ ಅವರ ತಾಯಿ ಪಾರ್ವತವ್ವ ತೀರ್ಪು ಕೊಟ್ಟಳು. ಪಾರ್ವತವ್ವನ ಕಣ್ಣುಗಳಿಗೆ ಪೊರೆ ಬಂದು ಬೆಳಕು ಕತ್ತಲೆಗಳಷ್ಟೇ ತಿಳಿಯುತ್ತಿದ್ದವು. ಕಣ್ಣು ಕಳೆದುಕೊಂಡದ್ದನ್ನೆಲ್ಲ ಕಿವಿ ಗಳಿಸಿಕೊಂಡಿತ್ತು.

“ಮಂದಿ ಇರೂ ಜಾಗಾ ಖಾಲಿ ಮಾಡಿಸಿ ಬೆಲ್ಲಾ ಒಟ್ಟೂದು ನನಗ ಸರಿ ಬರೂದಿಲ್ಲ,” ಎಂದಳು ಪಾರ್ವತವ್ವ. “ಮಂದಿ ಇಲ್ಲದ ಜಾಗಾ ಹಿಡಕೊಂಡು ಕುಂಡ್ರೂದೂ ಸರಿ ಬರೂದಿಲ್ಲ. ಆ ಬಿಡಾರದಾಗ ದಿನಾ ಒಲಿ ಹತ್ತೂತನಕ ಅದು ಅನ್ನಪೂರ್ಣಂದು. ಒಂದು ದಿನ ಒಲಿ ಹತ್ತಲಿಲ್ಲ, ಅದು ಮಡಿವಾಳಪ್ಪಂದು. ಮುಗೀತು.”

ಅಂದಿನಿಂದ ಮಡಿವಾಳಪ್ಪ ಪ್ರತಿ ಸಂಜೆ ಅಂಗಡಿಯಿಂದ ಮರಳುವಾಗ ನಮ್ಮ ಓಣಿಯನ್ನು ಸುತ್ತಿ ಹೋಗುತ್ತಿದ್ದ. ಬಿಡಾರದ ಹೆಂಚಿನ ಮೇಲೆ ಹೊಗೆ ಏಳುವುದನ್ನು ಕಂಡು ಒಂದು ಉಸಿರು ಬಿಟ್ಟು ಮುಂದಕ್ಕೆ ನಡೆಯುತ್ತಿದ್ದ. ಅತ್ತಿಗೆಯನ್ನು ಅವನು ‘ವೈನಿ’ ಎಂದು ಬಲು ಗೌರವದಿಂದ ಕರೆಯುತ್ತಿದ್ದ. “ವೈನಿ, ಒಲಿ ಹತ್ತೇತೇನ್ರಿ?” ಎಂದು ಕೇಳಿದಾಗ, “ಹತ್ತೇತಪ್ಪಾ. ನಿನ್ನ ಹೊಟ್ಟಿ ಹ್ಯಾಂಗ ಹತ್ತಿ ಉರೀತೈತಿ, ಹಾಂಗ,” ಎಂದು ಅವಳು ಅಷ್ಟೇ ಗೌರವದಿಂದ ಉತ್ತರಿಸುತ್ತಿದ್ದಳು.

ಹೀಗಾಗಿ ಬಾಡಿಗೆದಾರರ ಬದಲಾವಣೆಯೆಂದರೆ ಅವಳಿಗೆ ತುಂಬಿದ ಹೊಳೆಯನ್ನು ದಾಟಿದ ಹಾಗೆ. ಒಬ್ಬರು ಬೆಳಗಿನ ಒಲೆ ಹೊತ್ತಿಸಿ ಗಂಟು ಕಟ್ಟಬೇಕು. ಇನ್ನೊಬ್ಬರು ಮರುದಿನದ ಒಲೆ ತಪ್ಪದಂತೆ ಅಂದೇ ಗಂಟು ಬಿಚ್ಚಬೇಕು. ನಡುವೆ ದಿನ ಉಳಿಯದಂತೆ ಅವಳು ಹೊಂದಿಸುತ್ತಿದ್ದಳು. ಐವತ್ತೊಂಬತ್ತರ ಕಾರಹುಣ್ಣಿಮೆಯ ಹೊತ್ತಿಗೂ ಹಾಗೆಯೇ ಹೊಂದಿಸಿದ್ದಳು. ಇದ್ದ ಶಾಲಾ ಮಾಸ್ತರರು ಹೊರಟರು. ಬರುವವನು ವಿಘ್ನೇಶ್ವರ ಹೆಗಡೆ. ವಾನಳ್ಳಿ ಕಡೆಯ ಹವ್ಯಕರ ಹುಡುಗ, ಅಂಚೆ ಕಚೇರಿಯಲ್ಲಿ ಕೆಲಸ, ಯಲ್ಲಾಪುರದಿಂದ ವರ್ಗವಾಗಿ ಬರುತ್ತಿದ್ದ. ಅಡಿಗೆಮನೆ ಹೂಡಿಕೊಡಲು ಅವನ ತಾಯಿ ಸೀತಮ್ಮನೂ ಜೊತೆಗೆ ಬರುವವಳಿದ್ದಳು. ಎಲ್ಲ ಸರಿಯಾಯಿತೆಂದು ಅನ್ನಪೂರ್ಣವ್ವ ಎತ್ತುಗಳ ಹಬ್ಬಕ್ಕೆ ತವರಿನ ಗಾಡಿ ಹತ್ತಿದಳು. ಹತ್ತುವ ಮುನ್ನ ಗಂಡನಿಗೆ ಹೇಳಿದಳು: “ಅವರು ಬಂದ ಕೂಡ್ಲೆ ಒಲಿ ತೋರಸ್ರಿ. ಏನು ಕೇಳಿದ್ರೂ ಕೊಡ್ರಿ.”

ಅಂದಾನಪ್ಪನಿಗೆ ಅಷ್ಟು ಹೇಳಬಾರದಿತ್ತು. ಹೆಂಗಸರು ಕೇಳಿದ್ದಕ್ಕೆ ಇಲ್ಲವೆನ್ನುವ ಅಭ್ಯಾಸ ಆ ಮನುಷ್ಯನಿಗೆ ಮೊದಲೇ ಇರಲಿಲ್ಲ.

ಸೀತಮ್ಮ ಬಂದಳು. ತಾಮ್ರದ ಪಾತ್ರೆಗಳು, ಒಂದು ಅರೆಯುವ ಕಲ್ಲು, ಆ ಬೇಸಿಗೆಯಲ್ಲಿ ತಟ್ಟಿದ ಹಲಸಿನ ಹಪ್ಪಳದ ಡಬ್ಬಿ ಎಲ್ಲವೂ ಅವಳೊಡನೆ ಬಂದವು. ಅನ್ನಪೂರ್ಣವ್ವನೇ ಕಟ್ಟಿ, ನುಣ್ಣಗೆ ಸಾರಿಸಿ, ಕೆಮ್ಮಣ್ಣಿನ ಗೆರೆ ಎಳೆದಿದ್ದ ಒಲೆಯ ಮುಂದೆ ಸೀತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ತಮಾ, ಈ ಒಲೆ ಮೇಲೆ ಯಾರು ಅಡಿಗೆ ಮಾಡ್ತಿದ್ದ?” ಎಂದು ಮಗನನ್ನು ಕೇಳಿದಳು.

“ಎಂಗೆ ಗೊತ್ತಿಲ್ಲೆ, ಅಮ್ಮಾ. ಯಾರ್ಯಾರೋ.”

“ಯಾರ್ಯಾರೋ ಹೇಳಿ ಆದ್ಮೇಲೆ ಇದು ಆಗ್ತಿಲ್ಲೆ.”

ಹವ್ಯಕರ ಕಟ್ಟುನಿಟ್ಟಿನ ಮನೆಗಳಲ್ಲಿ ಪರರು ಬೇಯಿಸಿ ಬಿಟ್ಟ ಮಣ್ಣಿನ ಒಲೆಯ ಮೇಲೆ ತಮ್ಮ ಪಾತ್ರೆ ಏರಿಸುವುದಿಲ್ಲ. ಒಡೆದು, ಹೊಸ ಮಣ್ಣು ತಂದು, ತಮ್ಮ ಕೈಯಾರೆ ಹೂಡುತ್ತಾರೆ. ಸೀತಮ್ಮನಿಗೆ ಇದು ಬಾಗಿಲು ತೆರೆದಷ್ಟೇ ಸಹಜವಾದ ಕೆಲಸ. ಸೌದೆಯೊಂದನ್ನು ತೆಗೆದುಕೊಂಡಳು, ಒಲೆಯನ್ನು ಒಡೆದಳು, ಬಾಗಿಲಲ್ಲಿ ನಿಂತಿದ್ದ ಅಂದಾನಪ್ಪನ ಕಡೆಗೆ ತಿರುಗಿ, “ಹುತ್ತದ ಮಣ್ಣು ಇಲ್ಲಿ ಹತ್ತಿರ ಎಲ್ಲಾದ್ರೂ ಸಿಕ್ತಾ?” ಎಂದು ಕೇಳಿದಳು.

ಏನು ಕೇಳಿದರೂ ಕೊಡಬೇಕಲ್ಲ! ಅಂದಾನಪ್ಪ ಬುಟ್ಟಿ ಹಿಡಿದು ಹೋದ. ಹೆಂಡತಿಯ ಬಿಡಾರವನ್ನು ಕಳೆಯುವ ಮಣ್ಣನ್ನು ತಾನೇ ಹೊತ್ತು ತಂದ. ಸಂಜೆಯ ಹೊತ್ತಿಗೆ ಬಲು ಚೆಂದದ ಹೊಸ ಒಲೆಯೊಂದು ತಲೆಯೆತ್ತಿತು, ಕೆಸರಿನಷ್ಟು ಹಸಿಯಾಗಿ. ಮಳೆಯ ತೇವ ಆಗಲೇ ಗಾಳಿಯಲ್ಲಿತ್ತು. ಒಣಗದೆ ಬೆಂಕಿಯಿಟ್ಟರೆ ಒಲೆ ಸೀಳುತ್ತದೆಂದು ಸೀತಮ್ಮ ಹೇಳಿ, ಮಗನಿಗೆ ಅವಲಕ್ಕಿ ಮೊಸರು ಕೊಟ್ಟಳು. ಅಂದು ಬೆಳಿಗ್ಗೆ ಮಾಸ್ತರರ ಬೆಂಕಿ ಬಿದ್ದಿದ್ದರಿಂದ ಆ ದಿನಕ್ಕೆ ಷರತ್ತು ಉಳಿದುಕೊಂಡಿತು. ಅಂದಾನಪ್ಪನಿಗೆ ತಾನು ಮಾಡಿದ್ದು ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಹೊಳೆದ ಮೇಲೆ ಅವನು ಮಲಗಲಿಲ್ಲ. ಬೆಳಗಾದ ಮೇಲೂ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಇಳಿದ ಮೇಲೆ ಅನ್ನಪೂರ್ಣವ್ವನ ಗಾಡಿ ಓಣಿಯನ್ನು ಹೊಕ್ಕಿತು. ಹೊಕ್ಕಿತೆನ್ನುವುದಕ್ಕಿಂತ ಸಿಕ್ಕಿಕೊಂಡಿತು ಎನ್ನಬೇಕು. ಏಕೆಂದರೆ ಓಣಿಯ ಬಾಯಲ್ಲಿ ಬೆಲ್ಲದ ಪೆಂಟೆ ಹೇರಿದ ಇನ್ನೊಂದು ಗಾಡಿ ಆಗಲೇ ನಿಂತಿತ್ತು. ಒಲೆ ಒಡೆದ ಸುದ್ದಿ ಕೇಳಿ ಬಂದ ಮಡಿವಾಳಪ್ಪ ಬಿಡಾರದ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ.

“ಬರ್ರಿ ವೈನಿ, ಬರ್ರಿ. ಹಬ್ಬಾ ಚೊಲೊ ಆತೇನ್ರಿ? ಬೆಲ್ಲಾ ಒಳಗ ಇಳಸ್ಲೇನು?”

ಅನ್ನಪೂರ್ಣವ್ವ ಅವನನ್ನು ದಾಟಿ ಒಳಗೆ ಹೋದಳು. ಅವಳ ಕಣ್ಣು ಹಸಿ ಒಲೆಯ ಮೇಲೆ ಬೀಳುವಷ್ಟರಲ್ಲಿ ಅಂದಾನಪ್ಪ ಮೆಲ್ಲಗೆ ಹಿತ್ತಲಿಗೆ ಸರಿದ.

“ಯಾರು ಒಡದ್ರು?”

“ಆನೇ ಒಡದಿ,” ಎಂದಳು ಸೀತಮ್ಮ, ಹಸಿ ಒಲೆಯ ಪಕ್ಕದಲ್ಲಿ ಎದ್ದು ನಿಂತು. ಬೇರೆ ಸೀಮೆಯವರೊಡನೆ ಮಾತಾಡುವಾಗಲೂ ಅವಳು ತನ್ನ ಮಾತನ್ನು ಪೂರ್ತಿ ಬಿಟ್ಟುಕೊಡುತ್ತಿರಲಿಲ್ಲ. “ಎಂತ ಆತು?”

“ಏನಾತಾ? ನಿಮ್ಮ ಮನಿಗೆ ಬಂದು ನಾ ತುಳಸಿಕಟ್ಟಿ ಒಡದ್ರ ನಿಮಗ ಹ್ಯಾಂಗ ಅನಸ್ತೈತ್ರಿ?”

“ತುಳಸಿಕಟ್ಟೆ ಮೇಲೆ ಯಾರೂ ಹುಳಿ ಕುದಿಸ್ತ್ವಿಲ್ಲೆ, ಅನ್ನಪೂರ್ಣಮ್ಮಾ.”

ಈ ಉತ್ತರಕ್ಕೆ ಪ್ರತ್ಯುತ್ತರ ಹುಡುಕುತ್ತ ಅನ್ನಪೂರ್ಣವ್ವ ನಿಂತಳು. ಅವಳು ಉತ್ತರ ಹುಡುಕಬೇಕಾದದ್ದು ಓಣಿಯ ಚರಿತ್ರೆಯಲ್ಲಿ ಅದೇ ಮೊದಲು. ಅಷ್ಟರಲ್ಲಿ ವಿಘ್ನೇಶ್ವರ, ಹಿತ್ತಲಲ್ಲಿ ಅಂದಾನಪ್ಪನಿಂದ ಷರತ್ತಿನ ಕಥೆ ಕೇಳಿಕೊಂಡು ಬಂದವನು, ತಾಯಿಯನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದ. ಸೀತಮ್ಮನ ಮುಖ ಬದಲಾಯಿತು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

“ಮಣ್ಣೇ ಆಗವು ಹೇಳಿ ಇದ್ದಾ? ಮೂರು ಕಲ್ಲು ಇಟ್ರೂ ಒಲೆಯೇ ಅಲ್ದಾ?”

ಜಗುಲಿಯಿಂದ ಮಡಿವಾಳಪ್ಪ ನಕ್ಕ. “ಮೂರು ಕಲ್ಲು ಇಟ್ರ ಒಲಿ ಆಗೂದಾದ್ರ, ಸಂತಿಗಾಡಿ ಬಿಟ್ಟಲ್ಲೆಲ್ಲ ಮನಿ ಏಳಬೇಕಿತ್ರಿ, ಅಮ್ಮಾರ.”

“ಬೆಲ್ಲಾ ಇಟ್ಟಲ್ಲೆಲ್ಲ ಇರುವಿ ಏಳ್ತಾವಲ್ಲ, ಹಾಂಗ,” ಎಂದಳು ಅನ್ನಪೂರ್ಣವ್ವ. ಅವಳಿಗೆ ಮಾತು ಮರಳಿತ್ತು.

ವ್ಯಾಜ್ಯ ಪಾರ್ವತವ್ವನ ಮುಂದೆ ಹೋಯಿತು. ಮುಂದೆ ಹೋಯಿತೆಂದರೆ ದೂರವೇನಲ್ಲ. ದೊಡ್ಡ ಮನೆಯ ಕಟ್ಟೆಯೂ ಬಿಡಾರದ ಜಗುಲಿಯೂ ಒಂದನ್ನೊಂದು ಮುಟ್ಟಿಕೊಂಡೇ ಇದ್ದವು, ಮತ್ತು ಪಾರ್ವತವ್ವ ಆ ಕಟ್ಟೆಯ ಮೇಲೆ ಕುಳಿತು ಆಗಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಲೆ ಯಾವುದು, ಬರೀ ಕಲ್ಲು ಯಾವುದು ಎಂಬುದನ್ನು ಅವಳು ಎಲೆಯಡಿಕೆಯೊಂದಿಗೆ ಬಹಳ ಹೊತ್ತು ಅಗಿದಳು.

“ನೋಡಿ ಹೇಳಾಕ ನನಗ ಕಣ್ಣಿಲ್ಲ,” ಎಂದಳು ಕೊನೆಗೆ. “ಉಂಡಾವರು ಹೇಳಬೇಕು. ಈ ಮನಿತನದಾವರು ಒಬ್ಬರು ಆ ಬೆಂಕಿ ಮ್ಯಾಲಿಂದು ತಿಂದ್ರ ಅದು ಒಲಿ. ತಿನ್ನಲಿಲ್ಲಂದ್ರ ಕಲ್ಲು.”

“ನಾ ತಿಂತೀನವ್ವಾ!” ಎಂದು ಅಂದಾನಪ್ಪ ಹಿತ್ತಲಿನಿಂದ ಓಡಿಬಂದ.

“ನೀ ಹೆಂಡ್ತಿ ಹೇಳಿದ್ರ ಕಲ್ಲೂ ಬೆಂದೈತಿ ಅಂತೀ. ನಿನ್ನ ಸಾಕ್ಷಿ ನಡಿಯೂದಿಲ್ಲ. ಅಕಿ ತಿಂದ್ರ ತನ್ನ ಸಾಕ್ಷಿ ತಾನ ಹೇಳಿಧಾಂಗ. ಮಡಿವಾಳಪ್ಪಾ, ತಕರಾರು ನಿಂದು. ನೀನ ತಿನ್ನು. ಹೊತ್ತು ಮುಳುಗೂದರಾಗ ಆ ಬೆಂಕಿ ಮ್ಯಾಲಿಂದು ನಿನ್ನ ಹೊಟ್ಟಿಗೆ ಹೋದ್ರ, ಬೆಲ್ಲದ ಗಾಡಿ ತಿರುವು. ಹೋಗದಿದ್ರ ಇಳಸು.”

ಮಡಿವಾಳಪ್ಪನ ಮುಖ ಅರಳಿತು. ತಿನ್ನದೆ ಇರುವುದೊಂದೇ ಕೆಲಸವಾದರೆ ಅದಕ್ಕಿಂತ ಸುಲಭದ ವ್ಯಾಪಾರ ಯಾವುದು? “ಆತವ್ವಾ. ನಾ ಬಾಯಿ ಕಟ್ಟಿ ಇಲ್ಲೇ ಕುಂತೆ. ಅದೂ ಅಲ್ದ, ಲಿಂಗ ಇಲ್ಲದಾವರ ಕೈ ಅಡಿಗಿ ನನಗ ನಡಿಯೂದಿಲ್ಲ. ನನ್ನ ನೇಮ ಅದು.”

“ಹುಬ್ಬಳ್ಳಿ ಖಾನಾವಳಿಯೊಳಗ ಲಿಂಗ ಕೇಳಿ ಉಂಡಿದ್ಯೇನು?” ಎಂದಳು ಅನ್ನಪೂರ್ಣವ್ವ.

“ಅದು ಪರಊರು, ವೈನಿ.”

ಹೀಗೆ ಅವನು ಜಗುಲಿಯ ಮೇಲೆ, ಅಡಿಗೆಮನೆಯ ಕಿಟಕಿಗೆ ಬೆನ್ನು ಮಾಡಿ, ತುಟಿ ಬಿಗಿದು ಕುಳಿತ. ಅವನ ಗಾಡಿಯವನು ಪೆಂಟೆಗಳ ಹಗ್ಗ ಸಡಿಲಿಸತೊಡಗಿದ.

ಒಳಗೆ ಕಲ್ಲುಗಳು ಬಂದವು. ಸೀತಮ್ಮ ನೀರು ಚಿಮುಕಿಸಿ ಬರಮಾಡಿಕೊಂಡಳು. ಆಮೇಲೆ ಇಬ್ಬರಿಗೂ ಜಗಳ ಹತ್ತಿತು. ತಾನು ಶಾವಿಗೆ ಪಾಯಸ ಮಾಡುತ್ತೇನೆ, ತನ್ನ ಕೈಯದಾದರೆ ಮೈದುನನ ನೇಮಕ್ಕೂ ಅಡ್ಡಿಯಿಲ್ಲ ಎಂದು ಅನ್ನಪೂರ್ಣವ್ವನ ವಾದ. ಹೊಸ ಒಲೆಯ ಮೇಲೆ ಮೊದಲು ಏರುವುದು ತನ್ನ ಪಾತ್ರೆಯೇ, ತನ್ನ ಕೈಯಿಂದಲೇ ಎಂದು ಸೀತಮ್ಮನ ವಾದ. ಒಬ್ಬಳು ಉಕ್ಕಿನಂತೆ, ಇನ್ನೊಬ್ಬಳು ಅಡಕತ್ತರಿಯಂತೆ. ಬೆಂಕಿಯೊಂದು ಬಿಟ್ಟು ಮಿಕ್ಕೆಲ್ಲವೂ ಅಲ್ಲಿ ಹೊತ್ತಿ ಉರಿಯುತ್ತಿತ್ತು.

“ಅಮ್ಮಾ, ಹೊತ್ತು ಹೋಗ್ತಾ ಇದ್ದು,” ಎಂದ ವಿಘ್ನೇಶ್ವರ.

ಇಬ್ಬರೂ ಕಿಟಕಿಯ ಕಡೆ ನೋಡಿದರು. ಮಡಿವಾಳಪ್ಪನ ಬೆನ್ನು ಕಾಣಿಸಿತು. ಅದರಾಚೆ ಪಡುವಣದಲ್ಲಿ ಬೆಳಕು ಓರೆಯಾಗುತ್ತಿತ್ತು. ಅನ್ನಪೂರ್ಣವ್ವ ಕೈಯಲ್ಲಿದ್ದ ಶಾವಿಗೆಯನ್ನು ಕೆಳಗಿಟ್ಟಳು. ಎದುರಿನವರ ಮುಂದೆ ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯುವುದು ಅವಳಿಗೆ ಎಷ್ಟು ಕಠಿಣವೆಂಬುದು ನಮ್ಮ ಓಣಿಗೆ ತಿಳಿದಿತ್ತು. ಸರಿದಳು.

“ಪಾತ್ರಿ ನಿಮ್ದ ಏರಸ್ರಿ,” ಎಂದಳು, ದನಿ ತಗ್ಗಿಸಿ. “ಆದ್ರ ಒಂದು ತಿಳ್ಕೋರಿ. ಆ ಮನಿಶಾಗ ಅನ್ನಾ ತೋರಿಸಿದ್ರ ಬಾಯಿ ತೆರಿಯೂದಿಲ್ಲ, ಪಾಯಸಾ ತೋರಿಸಿದ್ರ ತೆರಿಯೂದಿಲ್ಲ. ಕರುಮ್ ಕುರುಮ್ ಅನ್ನೂದು ಏನರ ಇದ್ರ ಮಾತ್ರ ಅಂವಗ ಮನಿ ಮಠ ನೆನಪಿರೂದಿಲ್ಲ. ಸಣ್ಣಾಂವಿದ್ದಾಗ ದೇವರ ಮುಂದಿನ ಚಕ್ಕುಲಿ ಕದ್ದು ನೇಮದ ದಿನಾನ ಸಿಕ್ಕಾಂವ.”

ಸೀತಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಕಾಗದದಷ್ಟು ತೆಳ್ಳಗಿನ ಹಲಸಿನ ಹಪ್ಪಳಗಳು.

“ಬಿಸಿಲಲ್ಲಿ ಒಣಗಿದ್ದು, ಎಣ್ಣೇಲಿ ಬೇಯ್ತು,” ಎಂದಳು. “ಇದಕ್ಕೆ ಮಡಿಯೂ ಇಲ್ಲೆ, ಮೈಲಿಗೆಯೂ ಇಲ್ಲೆ. ಅವನ ನೇಮಕ್ಕೂ ಎಂತ ಆಗ್ತಿಲ್ಲೆ.”

“ಅಂವನ ಕೈಯಾಗ ಕೊಡಬ್ಯಾಡ್ರಿ ಮತ್ತ. ಕೊಟ್ರ ತಿನ್ನೂದಿಲ್ಲ.”

“ಆನೆಂತಕ್ಕೆ ಕೊಡ್ತಿ? ಎಣ್ಣೆ ಇಳಿಲಿ ಹೇಳಿ ಕಿಟಕಿ ಮೇಲೆ ಇಡ್ತಿ.”

ಆಗ ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ ಮೊದಲ ಬಾರಿಗೆ ನಕ್ಕರಂತೆ. ವಿಘ್ನೇಶ್ವರ ಅದನ್ನು ಹೇಳುವಾಗ, ಅಂಚೆ ಕಚೇರಿಗೆ ನೆರೆಯ ಸುದ್ದಿಯ ತಂತಿ ಬಂದಾಗಲೂ ತನಗೆ ಅಷ್ಟು ಭಯವಾಗಿರಲಿಲ್ಲವೆನ್ನುತ್ತಿದ್ದ.

ಸೌದೆ ಕೂಡಿತು, ಬೆಂಕಿ ಹತ್ತಿತು, ಬಾಣಲೆ ಮೂರು ಕಲ್ಲುಗಳ ಮೇಲೆ ಒಮ್ಮೆ ಓಲಾಡಿ ನೆಲೆನಿಂತಿತು. ತೆಂಗಿನೆಣ್ಣೆ ಕಾಯುತ್ತಿರುವಾಗ ಮಳೆ ಬಂತು.

ಪ್ರತಿ ವರ್ಷ ಸಂದಿಗೆ ಮೆತ್ತುವ ಸುಣ್ಣದ ಬೆಲ್ಲ ಮಡಿವಾಳಪ್ಪನ ಅಂಗಡಿಯಿಂದಲೇ ಬರುತ್ತಿತ್ತು. ಆ ವರ್ಷ ಅವನು, “ನಾಳೆ ಕೊಡ್ತೀನಿ ವೈನಿ,” “ನಾಡಿದ್ದು ಕೊಡ್ತೀನಿ ವೈನಿ,” ಎಂದು ಹುಣ್ಣಿಮೆಯವರೆಗೆ ತಳ್ಳಿದ್ದ. ಆದ್ದರಿಂದ ಸಂದು ಬಾಯಿ ತೆರೆದುಕೊಂಡೇ ಇತ್ತು. ಮೊದಲ ಹನಿ ಬಾಣಲೆಯ ಅಂಚಿಗೆ ಬಿದ್ದು ಚಟಾರೆಂದಿತು. ಎರಡನೆಯದು ಬೆಂಕಿಯ ಮೇಲೆ ಬಿದ್ದು ಬುಸ್ಸೆಂದಿತು. ಜಗುಲಿಯ ಮೇಲಿನ ಬೆನ್ನು ಸಂತೋಷದಿಂದ ಸ್ವಲ್ಪ ನೆಟ್ಟಗಾಯಿತು.

“ಬಾಣಲೆ ಸರಿಸಿದ್ರೆ ಒಲೆ ಸರಿಸಿದಾಂಗೆ ಆಗ್ತು!” ಎಂದಳು ಸೀತಮ್ಮ.

“ನೀವು ಸರಸಬ್ಯಾಡ್ರಿ. ಮಳಿ ನಾ ಸರಸ್ತೀನಿ,” ಎಂದಳು ಅನ್ನಪೂರ್ಣವ್ವ.

ಅವಳು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು, ದಾರಿಯಲ್ಲಿ ಹಂಡೆಯ ಪಕ್ಕ ನೀರು ಮೊಗೆಯಲು ಇಟ್ಟಿದ್ದ ದೊಡ್ಡ ಅಡಿಕೆ ಹಾಳೆಯನ್ನು ಎಳೆದುಕೊಂಡಳು, ಏಣಿಯನ್ನು ಗೋಡೆಗೊರಗಿಸಿದಳು. ಅಂದಾನಪ್ಪ ಏಣಿ ಹಿಡಿದ. ತವರಿನ ಹೊಸ ಇಳಕಲ್ ಸೀರೆಯಲ್ಲಿಯೇ ಅವಳು ಮಾಡನ್ನೇರಿ, ಸಂದಿನ ಮೇಲೆ ಹಾಳೆಯನ್ನು ಬೋರಲಿಟ್ಟು, ಅದು ಗಾಳಿಗೆ ಹಾರದಂತೆ ಎರಡು ಕೈಗಳಿಂದಲೂ ಅದುಮಿ ಹಿಡಿದು, ಸುರಿಯುವ ಮಳೆಯಲ್ಲಿ 
ಮೊಣಕಾಲೂರಿ ಕುಳಿತಳು. ಕೆಳಗೆ ಹನಿ ನಿಂತಿತು.

ಮೊದಲ ಹಪ್ಪಳ ಎಣ್ಣೆಗಿಳಿಯಿತು. ಹಲಸಿನ ಹಪ್ಪಳ ಕರಿಯುವ ವಾಸನೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅರಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಅದು ಕಿಟಕಿಯಿಂದ ಹೊರಬಂದು, ಮಳೆಯ ಗಾಳಿ ತಡೆದು ನಿಲ್ಲಿಸಿದ್ದರಿಂದ ಮುಂದೆ ಹೋಗಲಾರದೆ, ಜಗುಲಿಯ ಮೇಲೆಯೇ ಸುತ್ತಿಕೊಂಡು ನಿಂತಿತು. ಸೀತಮ್ಮ ಹೊಂಬಣ್ಣದ ಹಪ್ಪಳಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಒರಗಿಸಿ, ಮಡಿವಾಳಪ್ಪನ ಭುಜದ ಹತ್ತಿರವೇ ಕಿಟಕಿಯ ಹಾಸುಗಲ್ಲಿನ ಮೇಲಿಟ್ಟಳು. ಇಟ್ಟು, ಅವನೊಬ್ಬ ಅಲ್ಲಿರುವನೆಂಬುದೇ ತಿಳಿಯದವಳಂತೆ ಬೆನ್ನು ತಿರುಗಿಸಿ ಮಗನಿಗೆ, “ತಮಾ, ನಿಂಗೆ ಬೇಕಾ?” ಎಂದಳು. ಮಗ ಒಂದು ಮುರಿದ. ಕರುಮ್ ಎಂದಿತು.

ಮಡಿವಾಳಪ್ಪ ಆಕಾಶ ನೋಡಿದ. ಮೋಡದ ಮರೆಯಲ್ಲಿ ಹೊತ್ತು ಇನ್ನೂ ಇತ್ತು. ಗಾಡಿಯ ಕಡೆ ನೋಡಿದ. ತಾಯಿಯ ಕಡೆ ನೋಡಿದ. ಪಾರ್ವತವ್ವ ಕಟ್ಟೆಯ ಮೇಲೆ ಕಣ್ಣು ಮುಚ್ಚಿ, ಕಂಬಕ್ಕೊರಗಿ, ತೂಕಡಿಸುತ್ತಿರುವಂತಿತ್ತು. ಅಣ್ಣ ಏಣಿಯ ಬುಡದಲ್ಲಿದ್ದ, ಅತ್ತಿಗೆ ಮಾಡಿನ ಮೇಲಿದ್ದಳು, ಒಳಗಿನವರು ಬೆನ್ನು ಮಾಡಿದ್ದರು. ತನ್ನನ್ನು ಯಾರೂ ನೋಡುತ್ತಿಲ್ಲವೆಂಬ ನಿರ್ಧಾರಕ್ಕೆ ಬರಲು ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ. ಅವನು ನೋಡದೆ ಕೈಯನ್ನು ಹಿಂದಕ್ಕೆ ಚಾಚಿದ. ತಟ್ಟೆಯ ಅಂಚಿನಿಂದ ಒಂದು ಸಣ್ಣ ಚೂರು ಬೆರಳಿಗೆ ಬಂತು. ಅದನ್ನು ನಾಲಿಗೆಯ ಮೇಲಿಟ್ಟು, ಸದ್ದಾಗದಂತೆ ನೆನೆಯಲು ಬಿಟ್ಟ.

ಅಲ್ಲಿಗೆ ನಿಲ್ಲಿಸಿದ್ದರೆ ಅವನೇ ಗೆಲ್ಲುತ್ತಿದ್ದ. ಆದರೆ ನೆನೆದ ಹಪ್ಪಳದಲ್ಲಿ ಏನಿದೆ! ಎರಡನೆಯ ಸಲ ಅವನ ಕೈ ಇಡೀ ಹಪ್ಪಳವನ್ನೇ ತಂದಿತು.

ಕರುಮ್.

“ಮಡಿವಾಳಪ್ಪಾ,” ಎಂದಳು ಪಾರ್ವತವ್ವ, ಕಣ್ಣು ತೆರೆಯದೆ.

ಬಾಯೊಳಗಿನ ಹಪ್ಪಳವನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ.

“ಏನವ್ವಾ?” ಎಂದ ಅವನು, ಸಾಧ್ಯವಾದಷ್ಟು ಬಾಯಿ ತೆರೆಯದೆ.

“ಏನು ಮುರೀತಪಾ ಅಲ್ಲಿ?”

“ಹಂ… ಹೆಂಚವ್ವಾ. ವೈನಿ ಮ್ಯಾಲ ಹತ್ತ್ಯಾಳ.”

“ಹೆಂಚು ಕೊಬ್ಬರಿಎಣ್ಣಿ ವಾಸ್ನಿ ಬರೂದಿಲ್ಲ. ಇನ್ನೊಮ್ಮೆ ಕಡಿ, ಕೇಳೂಣು.”

ಆಗ ಮಡಿವಾಳಪ್ಪ ಸೋಲೊಪ್ಪಿಕೊಂಡ ಬಗೆಯಲ್ಲಿ ಒಂದು ಘನತೆಯಿತ್ತೆಂದು ನಾನು ನ್ಯಾಯವಾಗಿ ಬರೆಯಲೇಬೇಕು. ಅವನು ಬಾಯಲ್ಲಿದ್ದುದನ್ನು ಎಲ್ಲರಿಗೂ ಕೇಳುವಂತೆ ಕಡಿದು, ಅಗಿದು, ನುಂಗಿದ. ಆಮೇಲೆ ಕಿಟಕಿಯೊಳಗೆ ಮುಖ ತೂರಿಸಿ, “ಅಮ್ಮಾರ, ಇನ್ನೊಂದು ನಾಲ್ಕು ಕೊಡ್ರಿ. ಹ್ಯಾಂಗೂ ಆತಲ್ಲ,” ಎಂದ.

“ತಗಳಿ,” ಎಂದಳು ಸೀತಮ್ಮ. “ಒಲೆ ಹೌದು ಹೇಳಿ ಬಾಯಲ್ಲಿ ಹೇಳಿ ತಗಳಿ.”

“ಒಲಿ ಹೌದ್ರಿ. ಮೂರು ಕಲ್ಲಿಂದಾದ್ರೂ ಒಲಿ. ಒಂದು ಕಲ್ಲಿಂದಾದ್ರೂ ಒಲಿ.”

ಪಾರ್ವತವ್ವ ಎಲೆಯಡಿಕೆಯ ಚೀಲ ಬಿಚ್ಚಿದಳು. “ಗಾಡಿ ತಿರುವು. ಹಂಗ ನನಗೂ ಒಂದು ಕೊಡಸು. ಸಣ್ಣಗ ಮುರದು ಕೊಡಾಕ ಹೇಳು, ಹಲ್ಲಿಲ್ಲ.”

ಬೆಲ್ಲದ ಗಾಡಿ ತಿರುಗಿತು. ತಿರುಗುವಾಗ ಗುಡ್ನಾಪುರದ ಗಾಡಿಗೆ ತಗುಲಿ ಇನ್ನಷ್ಟು ಗಲಾಟೆಯಾಯಿತು. ಓಣಿಯವರೆಲ್ಲ ಮಳೆಯಲ್ಲಿಯೇ ಬಂದು ನಿಂತು, ಎರಡು ಗಾಡಿಗಳಿಗೂ ದಾರಿ ಹೇಳಿದರು. ಹೇಳಿದ ದಾರಿಗಳು ಬೇರೆಬೇರೆಯಾಗಿದ್ದವು. ಸೀತಮ್ಮ ಹಪ್ಪಳ ಹಂಚಿದಳು. ಅಂದಾನಪ್ಪ ಏಣಿ ಬಿಟ್ಟು ಬಂದು ಅವುಗಳಲ್ಲಿ ತನ್ನ ಪಾಲನ್ನು ತಿಂದ. ಕೊನೆಗೆ ವಿಘ್ನೇಶ್ವರನೇ, “ಅನ್ನಪೂರ್ಣಮ್ಮ ಎಲ್ಲಿ?” ಎಂದು ಕೇಳಿದ.

ಅನ್ನಪೂರ್ಣವ್ವ ಮಾಡಿನ ಮೇಲಿದ್ದಳು. ಗೆದ್ದದ್ದನ್ನು ಅವಳಿಗೆ ಹೇಳಲು ಯಾರಿಗೂ ನೆನಪಾಗಿರಲಿಲ್ಲ. ತೊಯ್ದು ತೊಪ್ಪೆಯಾಗಿ, ಹಾಳೆಯನ್ನು ಅದುಮಿ ಹಿಡಿದುಕೊಂಡೇ ಕುಳಿತಿದ್ದಳು.

“ಏ, ಇಳದು ಬಾ!” ಎಂದು ಅಂದಾನಪ್ಪ ಕೂಗಿದ. “ಅಂವ ತಿಂದಾ! ಬಿಡಾರ ನಿಂದ!”

“ಕೆಳಗ ಬೆಂಕಿ ಇನ್ನೂ ಉರೀತೈತೇನು?” ಎಂದು ಮೇಲಿನಿಂದ ಕೇಳಿತು.

“ಉರೀತೈತಿ.”

“ಉರಿಯೂತನಕ ನಾ ಇಳಿಯೂದಿಲ್ಲ. ಅವರ ಸಾರು ಅನ್ನಾ ಆಗೂದೈತಿ ಇನ್ನಾ. ನನಗೊಂದು ಹಪ್ಪಳಾ ಮ್ಯಾಲ ಕಳಸ್ರಿ. ಮತ್ತ ನೀವು ಏಣಿ ಬಿಟ್ಟು ಹೋಗಿದ್ದು ನನಗ ಗೊತ್ತೈತಿ. ಅದರ ಮಾತು ಆಮ್ಯಾಲ.”

ಅಂದಾನಪ್ಪ ಹಪ್ಪಳವನ್ನು ಬಾಯಲ್ಲಿ ಕಚ್ಚಿಕೊಂಡು, ಮುರಿಯದಂತೆ, ಏಣಿ ಹತ್ತಿದ.